ಪಡಸಾಲೆಯ ಒಸಾಕಾ

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಒಸಾಕಾ ಇತ್ತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ತುಂಡು ಪಡಸಾಲೆಯ ಗೋಡೆಯ ಮೇಲೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಓರೆಯಾಗಿ ಸರಿಯುತ್ತಿತ್ತು. ಬಿಸಿಲು 'ನಡೆಯುವ ದಾರಿ'ಯ ಮೇಲೆ ಬಿದ್ದರೆ ಅಕ್ಕ ಶಾಲೆಗೆ ಹೊರಡಬೇಕು. 'ಜನ ತೊಳೆಯುವ ಮಿಷಿನ್‌'ಗೆ ಬಂದರೆ ಅವ್ವ ಹೊಲಕ್ಕೆ ಬುತ್ತಿ ಕಟ್ಟಬೇಕು. 'ಚಂದ್ರನ ಕಲ್ಲು' ದಾಟಿದರೆ ಊಟದ ಹೊತ್ತು. ಅಜ್ಜಿ ಒಳಗಿನಿಂದಲೇ "ಬಿಸಿಲು ಕಲ್ಲು ದಾಟಿತೇನು ನೋಡ್ರೇ" ಎಂದು ಕೂಗುತ್ತಿದ್ದಳು. ಹೊಸದಾಗಿ ಬಂದ ನೆಂಟರು ಯಾವ ಕಲ್ಲು ಎಂದು ಅಂಗಳದ ಕಡೆ ನೋಡುತ್ತಿದ್ದರು. ಜಪಾನ್ ದೇಶದ ಒಸಾಕಾ ಎಂಬ ಊರಿನಲ್ಲಿ, ಜಗತ್ತಿನ ದೇಶಗಳೆಲ್ಲ ಸೇರಿ ನಡೆಸಿದ ದೊಡ್ಡ ವಸ್ತುಪ್ರದರ್ಶನದಲ್ಲಿ ಇಟ್ಟಿದ್ದ ಕಲ್ಲು ಅದು ಎಂದು ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಮುದ್ದೆ ಆರಿಹೋಗುತ್ತಿತ್ತು. ಅಕ್ಕ ತೀರಿಕೊಂಡು ಇನ್ನೂ ಒಂದು ಮಳೆಗಾಲ ಮುಗಿದಿಲ್ಲ. ಆ ಗೋಡೆಯನ್ನು ನೆನಪಿಟ್ಟುಕೊಂಡವರು ಈಗ ನಾನೊಬ್ಬಳೇ. ಅದಕ್ಕೇ ಬರೆಯಲು ಕೂತಿದ್ದೇನೆ.

ಜಗಳೂರಿನಿಂದ ಸೊಕ್ಕೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಜೋಳ, ಶೇಂಗಾ, ಹುರುಳಿ ಬೆಳೆಯುವ ಮಣ್ಣು. ಮಾಳಿಗೆ ಮನೆಯ ಬಾಗಿಲು ದಾಟಿದರೆ ಮೊದಲು ಎತ್ತುಗಳ ಗೋದಲಿ, ಅಲ್ಲಿಂದ ಒಂದು ಮೆಟ್ಟಿಲು ಎತ್ತರಕ್ಕೆ ನಮ್ಮ ಪಡಸಾಲೆ. ಎತ್ತುಗಳು ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು, ನಾವು ಅವುಗಳನ್ನು ನೋಡುತ್ತ ಉಣ್ಣುತ್ತಿದ್ದೆವು. ಅವ್ವನ ತವರು ದೂರದ ಗೋವಿನಕೋವಿ. ಅವಳ ತಮ್ಮ, ನಮ್ಮ ಸೋದರಮಾವ, ನ್ಯಾಮತಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ. ಹೊಲಿಗೆ ಯಂತ್ರದ ಏಜೆಂಟನೊಬ್ಬ ಕೊಟ್ಟ ಕ್ಯಾಲೆಂಡರನ್ನು ಅವನು ತನ್ನ ಅಕ್ಕನ ಮನೆಗೆಂದು, ಅಂದರೆ ನಮ್ಮ ಮನೆಗೆ, ಸುರುಳಿ ಸುತ್ತಿ ತಂದಿದ್ದ. ತಿಂಗಳಿಗೊಂದು ಚಿತ್ರ, ಎಲ್ಲವೂ ಆ ಪ್ರದರ್ಶನದ್ದು. ವರ್ಷ ಮುಗಿದ ಮೇಲೆ ತಾರೀಖಿನ ಭಾಗ ಕತ್ತರಿಸಿ ನಮ್ಮ ಪುಸ್ತಕಗಳಿಗೆ ಹೊದಿಕೆ ಹಾಕಿದ ಅಪ್ಪ, ಚಿತ್ರಗಳನ್ನು ಜೋಳದ ಹಿಟ್ಟಿನ ಅಂಟಿನಿಂದ ಗೋಡೆಗೆ ಸಾಲಾಗಿ ಅಂಟಿಸಿದ. ಮಾವ ಬಂದಾಗಲೆಲ್ಲ ಅವುಗಳ ಮುಂದೆ ನಿಂತು ಕಂಡು ಬಂದವನಂತೆ ವರ್ಣಿಸುತ್ತಿದ್ದ.

"ಅಲ್ಲಿ ಜನ ಎಷ್ಟು ಅಂತೀಯ ಅಕ್ಕ? ನಮ್ಮ ನ್ಯಾಮತಿ ಸಂತೆ ಅದರ ಮೂಲೇಗೆ ಸಾಲಲ್ಲ."

"ನೀನ್ಯಾವಾಗ ಹೋಗಿದ್ದಪ್ಪ?" ಎಂದು ಅಪ್ಪ ಕೇಳುತ್ತಿದ್ದ.

"ಹೋಗಬೇಕೇನು ಭಾವ? ಏಜೆಂಟ್ ಹೇಳಿದ್ದು ಸಾಲದೇನು?"

"ಅವನು ಹೋಗಿದ್ದನೇನು?"

"ಅವನೂ ಹೋಗಿಲ್ಲ. ಅವನಿಗೂ ಯಾರೋ ಹೇಳಿದ್ದು."

ಅಪ್ಪ ನಗುವುದು ಅಪರೂಪ. ಅವನ ಮುಂದೆ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಮಾವನೊಬ್ಬನಿಗೆ ಮಾತ್ರ ಆ ಸಲುಗೆ ಇತ್ತು.

ಆ ಚಿತ್ರಗಳನ್ನು ನಿಧಾನವಾಗಿ ನೋಡಲು ನಮಗೆ ಸಿಗುತ್ತಿದ್ದ ದಿನ ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಬೆಳಗ್ಗೆಯೇ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೇಯಿಸಿದ ಹುರುಳಿ ತಿನ್ನಿಸುತ್ತಿದ್ದರು. ಕಾಳು ಎತ್ತಿಗೆ, ಬಸಿದ ಕಟ್ಟಿನ ಸಾರು ನಮಗೆ. ಆ ಸಾರಿನ ರುಚಿಗೆ ಇಡೀ ವಾರ ಕಾಯುತ್ತಿದ್ದೆ. ಈ ನಿಯಮದ ಕಾವಲು ಅಜ್ಜಿಯದು. ನಾನು ಕಾಣದ ನಮ್ಮ ಅಜ್ಜ ಒಮ್ಮೆ ಮಳೆ ಬಂತೆಂದು ಸೋಮವಾರವೇ ಬಿತ್ತಲು ಕೂರಿಗೆ ಹೂಡಿದ್ದನಂತೆ. ಆ ವರ್ಷವೇ ಜೋಡಿಯಲ್ಲಿ ಒಂದು ಎತ್ತು ಸತ್ತಿತಂತೆ. ಆಮೇಲೆ ನಮ್ಮ ಮನೆಯಲ್ಲಿ ಸೋಮವಾರದ ಬಗ್ಗೆ ಯಾರೂ ಎರಡು ಮಾತಾಡಿರಲಿಲ್ಲ.

ಅಪ್ಪನಿಗೆ ಇಷ್ಟವಾದದ್ದು ಗಡಿಗೆಯ ಚಿತ್ರ. ಈ ಕಾಲದ ವಸ್ತುಗಳನ್ನೆಲ್ಲ ಲೋಹದ ಗಡಿಗೆಯಲ್ಲಿ ತುಂಬಿ ನೆಲದಲ್ಲಿ ಹೂತು, ಐದು ಸಾವಿರ ವರ್ಷ ಕಳೆದ ಮೇಲೆ ತೆಗೆಯುತ್ತಾರಂತೆ. ನಮ್ಮ ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು. ನೆಲದೊಳಗಿನ ಆ ಗುಂಡಿಯ ಬಾಯಿ ಮುಚ್ಚಿ ಮಣ್ಣು ಮೆತ್ತುವ ಕೆಲಸ ಅಪ್ಪನದೇ. "ಗಾಳಿ ಆಡದಂಗೆ ಮುಚ್ಚಿದಾರೋ ಇಲ್ಲೋ. ಇಲ್ಲಾಂದ್ರೆ ಎಲ್ಲ ಮುಗ್ಗಲು ಹಿಡಿತೈತೆ" ಎಂದು ಅವನು ಒಸಾಕಾದ ಬಗ್ಗೆ ನಿಜವಾಗಿ ಚಿಂತಿಸುತ್ತಿದ್ದ. ಅವ್ವನ ಚಿತ್ರ ಜನ ತೊಳೆಯುವ ಮಿಷಿನ್. ಮೊಟ್ಟೆಯಂಥ ಯಂತ್ರದೊಳಗೆ ಹೆಣ್ಣುಮಗಳೊಬ್ಬಳು ಕುತ್ತಿಗೆ ಮಾತ್ರ ಹೊರಗಿಟ್ಟು ನಗುತ್ತ ಕೂತಿದ್ದಳು. ನೀರು ತಾನೇ ಬಂದು ಮೈ ತೊಳೆದು ಒಣಗಿಸಿಯೂ ಬಿಡುತ್ತದೆ ಎಂದು ಮಾವ ಹೇಳಿದಾಗ, ಊರ ಹೊರಗಿನ ಬಾವಿಯಿಂದ ತಲೆಯ ಮೇಲೆ ನೀರು ಹೊರುತ್ತಿದ್ದ ಅವ್ವ ಒಂದೇ ಪ್ರಶ್ನೆ ಕೇಳಿದ್ದಳು.

"ಅದಕ್ಕೆ ನೀರು ಯಾರು ಹೊರತಾರೆ?"

ಮಾವನ ಏಜೆಂಟ್ ಅದನ್ನು ಹೇಳಿರಲಿಲ್ಲ.

ಚಂದ್ರನಿಂದ ತಂದ ಕಲ್ಲನ್ನು ಗಾಜಿನೊಳಗೆ ಇಟ್ಟಿದ್ದರು. ಅದನ್ನು ನೋಡಲು ಜನ ಹೊತ್ತುಗಟ್ಟಲೆ ಸಾಲು ನಿಂತಿದ್ದರಂತೆ. ಅಪ್ಪನ ತಮ್ಮ ರುದ್ರಕಾಕನಿಗೆ ಇದರಲ್ಲಿ ಅಜ್ಜಿಯನ್ನು ಕೆಣಕುವ ಖುಷಿ.

"ನೋಡವ್ವ, ನಿನ್ನ ಶಿವನ ತಲೆಮ್ಯಾಗಿಂದ ಒಂದು ಚೂರು ಮುರಕೊಂಡು ಬಂದಾರೆ."

"ಬರ್ಲಿ ಬಿಡು. ಅವನು ಲೆಕ್ಕ ಇಟ್ಟಿರಲ್ಲ. ನಿನ್ನಂಗೇನು, ಹೋಳಿಗೆ ಎಣಿಸಿ ತಿನ್ನೋನು?"

ಅಜ್ಜಿಯ ಚಿತ್ರವೇ ಬೇರೆ. ಮುಗಿಲೆತ್ತರದ ಬಿಳಿಯ ಗೋಪುರ, ಎರಡೂ ಕಡೆ ಚಾಚಿದ ತೋಳು, ತಲೆಯಲ್ಲಿ ಚಿನ್ನದ ಮುಖ, ಎದೆಯ ಮೇಲೆ ಇನ್ನೊಂದು ಮುಖ. ಕ್ಯಾಲೆಂಡರಿನಲ್ಲಿ ಆ ತಿಂಗಳು ಬಂದ ದಿನವೇ ಅಜ್ಜಿ ಅದಕ್ಕೆ ವಿಭೂತಿ ಹಚ್ಚಿದ್ದಳು. ವರ್ಷ ಮುಗಿದು ಬೇರೆ ಚಿತ್ರಗಳೆಲ್ಲ ಗೋಡೆಗೆ ಅಂಟಿದರೆ, ಅದೊಂದಕ್ಕೆ ಅಜ್ಜಿಯ ಹಟದಿಂದ ಜಗಳೂರಿನಲ್ಲಿ ಕಟ್ಟು ಹಾಕಿಸಿ, ಗಾಜು ಕೂರಿಸಿ, ದೇವರ ಗೂಡಿನಲ್ಲಿ ಇಟ್ಟದ್ದಾಯಿತು. ಊರ ಶಾಲೆಯ ಮೇಷ್ಟ್ರು ಒಮ್ಮೆ ಮನೆಗೆ ಬಂದಾಗ ಅದರ ಕೆಳಗಿನ ಇಂಗ್ಲಿಷ್ ಓದಿ, ತುಸು ಅಳುಕಿನಿಂದಲೇ ಹೇಳಿದರು.

"ಅಜ್ಜಿ, ಇದು ದೇವರಲ್ರಿ. ಗೋಪುರ. ಒಳಗೆ ಜನ ಹೋಗಿ ನೋಡ್ಕೊಂಡು ಬರ್ತಾರೆ."

"ಒಳಗೆ ಜನ ಹೋಗಿ ಬರ್ತಾರಂದ್ರೆ ಗುಡಿ ಅಲ್ಲೇನ್ರಿ?"

"ಹಂಗಲ್ಲ. ಮೇಲಿನ ಮುಖ ಮುಂದಿನ ಕಾಲದ್ದಂತೆ. ಎದೆ ಮೇಲಿಂದು ಈಗಿನ ಕಾಲ. ಬೆನ್ನಿಗೆ ಇನ್ನೊಂದು ಐತಂತೆ, ಅದು ಹಿಂದಿನ ಕಾಲ. ಚಿತ್ರದಾಗೆ ಕಾಣಲ್ಲ."

"ಮೂರೂ ಕಾಲ ಬಲ್ಲೋನು ದೇವರಲ್ಲದೆ ನಿಮ್ಮಂಗೆ ಮೇಷ್ಟ್ರೇನು?"

ಮೇಷ್ಟ್ರು ಕಾಫಿ ಕುಡಿದು ಎದ್ದರು. ಅಜ್ಜಿ ಅಂದಿನಿಂದ ಗಾಜಿನ ಮುಂದೆ ಮಾತ್ರವಲ್ಲ, ಕಟ್ಟಿನ ಹಿಂದಿನ ರಟ್ಟಿಗೂ ಒಂದು ಗೆರೆ ವಿಭೂತಿ ಎಳೆಯತೊಡಗಿದಳು. ಕಾಣದ ಮುಖಕ್ಕೆ.

ಅಕ್ಕ ಗಿರಿಜ ನನಗಿಂತ ಐದು ವರ್ಷ ದೊಡ್ಡವಳು. ಎಳವೆಯಲ್ಲಿ ಜ್ವರ ಬಂದು ಅವಳ ಬಲಗಾಲು ಸೊರಗಿತ್ತು. ತೊಡೆಯ ಮೇಲೆ ಕೈ ಒತ್ತಿ ಹಿಡಿದು ಒಂದೊಂದು ಹೆಜ್ಜೆ ಇಡುತ್ತಿದ್ದಳು. ಮನೆಯೊಳಗೆ ಅವಳಷ್ಟು ಚುರುಕಾಗಿ ಯಾರೂ ಓಡಾಡುತ್ತಿರಲಿಲ್ಲ. ದೂರ ನಡೆದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತಿತ್ತು. ನಡೆಯುವ ದಾರಿಯ ಚಿತ್ರ ಅವಳದು. ಗಾಜಿನ ಕೊಳವೆಯಂಥ ಸುರಂಗದಲ್ಲಿ ಜನ ಸುಮ್ಮನೆ ನಿಂತಿದ್ದಾರೆ, ಅವರ ಕಾಲ ಕೆಳಗಿನ ದಾರಿ ಮುಂದಕ್ಕೆ ಹೋಗುತ್ತಿದೆ. ಅಕ್ಕ ಅದರ ಮುಂದೆ ನಿಂತೇ ಇರುತ್ತಿದ್ದಳು. ಅವಳ ಬೆರಳು ತಾಗಿ ತಾಗಿ ಆ ಕಾಗದದ ಒಂದು ಅಂಚು ಮಾಸಿಹೋಗಿತ್ತು. ಆ ಕೊಳವೆಯಲ್ಲಿ ನಿಂತವರಲ್ಲಿ ಯಾರಿಗೂ ಕಾಲು ನೋಯುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂದು ಸೋಮವಾರ ಅಜ್ಜಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಇಷ್ಟು ಚಿತ್ರಗಳಲ್ಲಿ ನಮ್ಮದು ಒಂದೂ ಇಲ್ಲವಲ್ಲ ಎಂದು. ನಮ್ಮ ದೇಶದವರೂ ಹೋಗಿದ್ದರಂತೆ, ಕ್ಯಾಲೆಂಡರಿನಲ್ಲಿ ಜಾಗವಿಲ್ಲ ಎಂದು ಅಕ್ಕ ಸಮಾಧಾನ ಹೇಳಿದಳು. ಹಾಗಾದರೆ ನಮ್ಮ ಮನೆಯಿಂದ ಏನು ಕಳಿಸಬಹುದಿತ್ತು ಎಂದು ಮಾತು ಹೊರಳಿತು. ಕಾಕ ಎತ್ತುಗಳನ್ನು ಕಳಿಸಬೇಕೆಂದ. ಅಜ್ಜಿ ಬೀಸುವ ಕಲ್ಲು ಎಂದಳು, ಅವಳ ಅತ್ತೆಯ ಕಾಲದ್ದು. ಅಪ್ಪ ಹಗೇವು ಎಂದ. ಹಗೇವನ್ನು ಹೊತ್ತೊಯ್ಯುವುದು ಹೇಗೆ ಎಂದು ಕಾಕ ಕೇಳಿದ್ದಕ್ಕೆ ಇಬ್ಬರಿಗೂ ಜಗಳವೇ ಆಯಿತು. ಒಲೆಯ ಮುಂದಿದ್ದ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ನನ್ನ ಸೊಂಟ ಕಳಿಸ್ರಿ. ಇಷ್ಟು ವರ್ಸ ಹೆಂಗೆ ಮುರಿಯದಂಗೆ ಐತೆ ಅಂತ ಜನ ಸಾಲು ನಿಂತು ನೋಡ್ತಾರೆ."

ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಮಾರನೆಯ ದಿನದಿಂದ ಒಂದು ಕೊಡ ನೀರು ಅವನೇ ತರತೊಡಗಿದ.

ಏಳನೆಯ ತರಗತಿ ಮುಗಿದ ಮೇಲೆ ಅಕ್ಕನ ಹೈಸ್ಕೂಲಿಗೆ ಜಗಳೂರೇ ಗತಿ. ಬಸ್ಸು ನಮ್ಮೂರಿಗೆ ಬರುತ್ತಿರಲಿಲ್ಲ. ಎರಡು ಮೈಲಿ ಆಚೆಯ ಕ್ರಾಸಿನಲ್ಲಿ ನಿಲ್ಲುತ್ತಿತ್ತು. ಅಪ್ಪ ಹೊಲಕ್ಕೆ ಹೋಗುವ ಮುಂಚೆ ಗಾಡಿಯಲ್ಲಿ ಅವಳನ್ನು ಕ್ರಾಸಿಗೆ ಬಿಡುವುದು, ಸಂಜೆ ಕಾಕ ಕರೆತರುವುದು ಎಂದಾಯಿತು. ಸೈಕಲ್ಲಿನ ಹಿಂದೆ ಕೂರಿಸಿ ಒಮ್ಮೆ ಒಯ್ದಾಗ ಆ ಹಗುರ ಕಾಲು ಗಾಲಿಯ ಕಡ್ಡಿಗೆ ಸಿಕ್ಕಿಕೊಂಡು, ಅವ್ವ ಸೈಕಲ್ಲಿನ ಹೆಸರೆತ್ತದಂತೆ ಮಾಡಿದ್ದಳು. ಸೋಮವಾರ ಗಾಡಿ ಇಲ್ಲ, ಆದ್ದರಿಂದ ಸೋಮವಾರ ಅಕ್ಕನಿಗೆ ಶಾಲೆಯೂ ಇಲ್ಲ. ಹೈಸ್ಕೂಲಿನವರು ಮೊದಮೊದಲು ಬೈದರು, ಆಮೇಲೆ ಒಪ್ಪಿಕೊಂಡರು. ಮಂಗಳವಾರ ಅವಳು ಗೆಳತಿಯರಿಂದ ಹಿಂದಿನ ದಿನದ ಪಾಠ ಕೇಳಿ ಬರೆದುಕೊಳ್ಳುತ್ತಿದ್ದಳು. ಹೀಗೇ ಹತ್ತನೆಯ ತರಗತಿಯವರೆಗೆ ಬಂದಳು. ಓದಿ ಟೀಚರಾಗಬೇಕು ಎಂದು ಅವಳು ಯಾರಿಗೂ ಹೇಳದೆ ನನಗೆ ಮಾತ್ರ ಹೇಳಿದ್ದಳು. ಫೇಲಾದರೆ ಮತ್ತೊಂದು ವರ್ಷ ಗಾಡಿ ಹೂಡಿ ಎಂದು ಅಪ್ಪನನ್ನು ಕೇಳಲಾರೆ ಎಂಬುದನ್ನೂ ಹೇಳಿದ್ದಳು.

ಪಬ್ಲಿಕ್ ಪರೀಕ್ಷೆ ಸೋಮವಾರ ಶುರುವಾಗುವುದೆಂದು ಮೊದಲೇ ಗೊತ್ತಿತ್ತು. ಭಾನುವಾರವೇ ಜಗಳೂರಿಗೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿಯುವುದೆಂದು ನಿಶ್ಚಯವಾಗಿತ್ತು. ಭಾನುವಾರ ಗಾಡಿಗೆ ಎತ್ತು ಕಟ್ಟುವ ಹೊತ್ತಿಗೆ ಆ ಮನೆಯವರು ಆಳು ಕಳಿಸಿದರು. ಮಗುವಿಗೆ ಅಮ್ಮ ಬಂದಿದ್ದಾಳೆ, ಮೈತುಂಬ ಗುಳ್ಳೆ, ಹುಡುಗಿಯನ್ನು ಕಳಿಸಬೇಡಿ ಎಂದು. ಜಗಳೂರಲ್ಲಿ ಉಳಿಯಲು ಬೇರೆ ಮನೆಯಿರಲಿಲ್ಲ. ಅಪ್ಪ ಎತ್ತುಗಳನ್ನು ಬಿಚ್ಚಿ ಗೋದಲಿಗೆ ಕಟ್ಟಿ, ಪಡಸಾಲೆಯ ಮೆಟ್ಟಿಲ ಮೇಲೆ ಕೂತ.

"ಅವ್ವ, ನಾಳೆ ಒಂದಿನ ಹೂಡ್ತೀನಿ."

"ಏನು ಹೂಡ್ತಿ?"

"ಗಾಡಿ. ಕ್ರಾಸ್‌ತನಕ. ಬಿಟ್ಟು ಬಂದು ಮೈ ತೊಳಿತೀನಿ."

ಅಜ್ಜಿ ಎದ್ದು ಹೋಗಿ ಗೋದಲಿಯಲ್ಲಿ ಎರಡು ಎತ್ತುಗಳ ನಡುವೆ, ನಮ್ಮ ಕಡೆ ಬೆನ್ನು ಹಾಕಿ ಕೂತಳು. ಅಷ್ಟರಲ್ಲಿ ಕಾಕ ಬಂದ. ಅಕ್ಕನನ್ನು ಬೆನ್ನ ಮೇಲೆ ಹೊತ್ತು ಒಯ್ಯುತ್ತೇನೆ ಎಂದ. ಅಕ್ಕ ತಲೆ ಎತ್ತಿದಳು.

"ಊರ ಮುಂದೆ ಕೂಸಿನಂಗೆ ಬೆನ್ನ ಮ್ಯಾಲೆ ಕೂತು ಪರೀಕ್ಷೆಗೆ ಹೋಗಲ್ಲ ಕಾಕ. ನಡಕಂಡು ಹೋಗ್ತೀನಿ."

"ಎರಡು ಮೈಲಿ ನಡೆದು, ಆಮ್ಯಾಲೆ ಬರೆಯಾಕೆ ಕೂರ್ತೀಯೇನು?" ಎಂದ ಅಪ್ಪ. ಅವನ ದನಿ ಏರಿತ್ತು. "ಹೂಡಿಯೇ ಹೂಡ್ತೀನಿ ನಾಳೆ. ಯಾರು ಅಡ್ಡ ಬರ್ತಾರೋ ನೋಡ್ತೀನಿ."

"ಎತ್ತು ಹೂಡಿದ್ರೆ ನಾನು ಗಾಡಿ ಹತ್ತಲ್ಲಪ್ಪ" ಎಂದಳು ಅಕ್ಕ. "ನಾಳೆ ಎತ್ತಿಗೆ ಒಂದು ಕೆಮ್ಮು ಬಂದ್ರೂ ಅದು ನನ್ನಿಂದಲೇ ಅಂತ ಆಗ್ತೈತೆ. ನನ್ನ ಕಾಲಿಗೆ ಈಗಾಗಲೇ ಇರೋ ಕೆಟ್ಟ ಹೆಸರೇ ಸಾಕು."

ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅವ್ವ ಹುರುಳಿ ನೆನೆಹಾಕುವುದನ್ನೇ ಮರೆತಳು.

ಬೆಳಗ್ಗೆ ಅಕ್ಕ ಮಿಂದು, ಲಂಗ ದಾವಣಿ ಉಟ್ಟು, ಎಲ್ಲರಿಗಿಂತ ಮೊದಲು ಸಿದ್ಧಳಾಗಿ ಹೊಸಿಲಿನಲ್ಲಿ ನಿಂತಿದ್ದಳು. ಬಿಸಿಲಿನ್ನೂ ಗೋಡೆಗೆ ಬಂದಿರಲಿಲ್ಲ. ದೇವರ ಗೂಡಿನ ಮುಂದೆ ವಿಭೂತಿ ಹಚ್ಚಿ ಮುಗಿಸಿದ ಅಜ್ಜಿ ನಡೆಯುವ ದಾರಿಯ ಚಿತ್ರದ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಗಿರಿಜ, ಬಾ ಇಲ್ಲಿ. ಈ ದಾರಿ ಎಳೆಯಾಕೆ ಎತ್ತು ಅದಾವೇನು?"

"ಇಲ್ಲಜ್ಜಿ. ಮಿಷಿನ್."

"ಎತ್ತಿಲ್ಲದೆ ದಾರೀನೇ ಹೋಗ್ತೈತೆ ಅಂದ್ಮ್ಯಾಲೆ ಗಾಡಿ ಹೋಗಲ್ಲೇನು?"

ಅಜ್ಜಿ ಅಪ್ಪನ ಕಡೆ ತಿರುಗಿದಳು.

"ಸೋಮವಾರ ಎತ್ತಿಗಪ್ಪ. ಗಾಡಿಗೆ ಏನು ಸೋಮವಾರ? ನಿನಗೇನು ಸೋಮವಾರ?"

ಅಪ್ಪ ಒಂದು ಕ್ಷಣ ತಾಯಿಯ ಮುಖ ನೋಡಿದ. ಆಮೇಲೆ ಟವೆಲನ್ನು ಮಡಚಿ ದಪ್ಪ ಸಿಂಬಿ ಮಾಡಿ ಹೆಗಲ ಮೇಲೆ ಇಟ್ಟುಕೊಂಡು ಅಂಗಳಕ್ಕೆ ಇಳಿದ. ಕಾಕ ಗಾಡಿಯ ಗೂಟಗಳನ್ನೆಲ್ಲ ಕಿತ್ತು ಹಗುರ ಮಾಡಿ, ಅಚ್ಚಿಗೆ ಎಣ್ಣೆ ಸುರಿದ. ಅವ್ವ ಗೋಣಿಚೀಲದ ಮೇಲೆ ಕೌದಿ ಹಾಸಿದಳು. ಕೂರುವ ಮುಂಚೆ ಅಕ್ಕ ಗೋದಲಿಯ ಕಡೆ ಒಮ್ಮೆ ನೋಡಿದಳು. ಎತ್ತುಗಳು ಆರಾಮಾಗಿ ಮೆಲುಕು ಹಾಕುತ್ತಿದ್ದವು.

"ನಡುವೆ ಕೂತ್ಕಳವ್ವ" ಎಂದ ಕಾಕ. "ಹಿಂದಕ್ಕೆ ಸರಿದ್ರೆ ಮೂಕಿ ನೊಗದ ಸಮೇತ ಮ್ಯಾಲೆ ಎದ್ದು ನಾನೂ ನಿಮ್ಮಪ್ಪನೂ ಗಾಳಿಯಾಗೆ ಜೋತಾಡ್ತೀವಿ."

ನೊಗದ ಎಡಕ್ಕೆ ಅಪ್ಪ, ಬಲಕ್ಕೆ ಕಾಕ. ಹಿಂದೆ ಅಜ್ಜಿ ಮತ್ತು ಅವ್ವ, ಗಾಡಿಗೆ ಕೈ ಕೊಟ್ಟು. ಅಕ್ಕನ ಬುತ್ತಿ ಮತ್ತು ನೀರಿನ ತಂಬಿಗೆ ನನ್ನ ಕೈಯಲ್ಲಿ. ಗಾಡಿ ಬೀದಿಗೆ ಬಂದಾಗ ಸೋಮವಾರವಾದ್ದರಿಂದ ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆಯೇ ಇದ್ದರು. ಎದುರು ಮನೆಯ ಕೆಂಚಪ್ಪ ಮೊದಲು ಬಾಯಿ ತೆರೆದ.

"ಏನಜ್ಜಿ, ಹೊಸ ಜೋಡಿ ತಂದಂಗೈತೆ. ಹಲ್ಲು ನೋಡಿ ತಂದ್ರೋ, ಹಂಗೇ ತಂದ್ರೋ?"

"ಹಲ್ಲು ಸರಿಯಾಗೇ ಅದಾವೆ ಕೆಂಚಪ್ಪ" ಎಂದ ಕಾಕ ನೊಗದ ಕೆಳಗಿಂದ. "ಬೇಕಾದ್ರೆ ಬಾಯಾಗೆ ಬೆರಳಿಟ್ಟು ನೋಡು ಬಾ."

"ಎಡಗಡೇದು ಸ್ವಲ್ಪ ಮುದಿ ಕಾಣ್ತೈತೆ" ಎಂದ ಇನ್ನೊಬ್ಬ.

ಕಟ್ಟೆ ನಕ್ಕಿತು. ಅಪ್ಪನ ಮುಂದೆ ಯಾರೂ ತಮಾಷೆ ಮಾಡುತ್ತಿರಲಿಲ್ಲ ಎಂದೆನಲ್ಲ, ಅಂದು ಇಡೀ ಊರು ಮಾಡಿತು. ಅವನು ಕತ್ತು ಬಗ್ಗಿಸಿ ಎಳೆಯುತ್ತಲೇ ಇದ್ದ. ಹಿಂದಿನಿಂದ ನನಗೆ ಅವನ ಕಿವಿಗಳಷ್ಟೇ ಕಾಣುತ್ತಿದ್ದವು. ಕೆಂಪಾಗಿದ್ದವು. ಅಕ್ಕ ಪುಸ್ತಕ ಬಿಚ್ಚಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಊರು ದಾಟುವವರೆಗೂ ಅವಳು ಒಂದು ಹಾಳೆಯನ್ನೂ ತಿರುವಲಿಲ್ಲ. ಹಳ್ಳಕ್ಕೆ ಇಳಿದಾಗ ಗಾಲಿ ಉಸುಕಿನಲ್ಲಿ ಹೂತು ನಿಂತಿತು. ಅಪ್ಪ, ಕಾಕ ಇಬ್ಬರೂ ಮುಂದಕ್ಕೆ ಬಾಗಿ ಜಗ್ಗಿದರೂ ಗಾಡಿ ಅಲುಗಲಿಲ್ಲ. ಅಕ್ಕ ಇಳಿಯಲು ಕಾಲು ಚಾಚಿದಳು.

"ಕೂತ್ಕ" ಎಂದ ಅಪ್ಪ. ಮನೆ ಬಿಟ್ಟ ಮೇಲೆ ಅವನಾಡಿದ ಮೊದಲ ಮಾತು ಅದು.

ಆಗ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಕೆಂಚಪ್ಪ, ಅವನ ಹಿಂದೆ ಕಟ್ಟೆಯ ಮೇಲಿದ್ದ ಇನ್ನಷ್ಟು ಜನ. ಗೇಲಿ ಮಾಡುತ್ತಲೇ ಊರಾಚೆಯವರೆಗೂ ಬಂದಿದ್ದರು.

"ನಿಂತು ನೋಡ್ತೀರೇನ್ರೋ?" ಎಂದಳು ಅಜ್ಜಿ. "ಹಲ್ಲು ಎಣಿಸಾಕೆ ಬಂದೋರು ಭುಜ ಕೊಡ್ರಿ."

ಕೆಂಚಪ್ಪ ಲುಂಗಿ ಮೇಲಕ್ಕೆ ಕಟ್ಟಿದ. ಒಬ್ಬೊಬ್ಬರು ಒಂದೊಂದು ಕಡೆ ಹಿಡಿದರು. ಗಾಡಿ ಹಳ್ಳದಿಂದ ದಿನ್ನೆಯ ಮೇಲಕ್ಕೆ ಹೋದ ವೇಗಕ್ಕೆ ನಾನು ಓಡಬೇಕಾಯಿತು, ತಂಬಿಗೆಯ ನೀರು ಅರ್ಧ ಚೆಲ್ಲಿತು. ದಿನ್ನೆಯ ಮೇಲೆ ಗಾಳಿಗೆ ಅಕ್ಕನ ಪುಸ್ತಕದ ಹಾಳೆಗಳು ತಾವೇ ತಿರುವಿಕೊಂಡವು. ಅವಳು ಹಿಂದೆ ತಿರುಗಲಿಲ್ಲ. ಆದರೆ ಬೆನ್ನಿನಲ್ಲೇ ನನಗೆ ತಿಳಿಯಿತು, ಅವಳು ನಗುತ್ತಿದ್ದಳು.

ಕ್ರಾಸಿನಲ್ಲಿ ಬಸ್ಸು ಹೊರಡುವುದರಲ್ಲಿತ್ತು. ನೊಗದಲ್ಲಿ ಇಬ್ಬರು ಗಂಡಸರನ್ನು ಕಂಡು ಕಂಡಕ್ಟರ್ ಸೀಟಿ ಊದುವುದನ್ನು ನಿಲ್ಲಿಸಿದ.

"ಎತ್ತೆಲ್ಲಿ ಯಜಮಾನ್ರೇ?"

"ಇವತ್ತು ಸೋಮವಾರ" ಎಂದ ಅಪ್ಪ.

ಕಂಡಕ್ಟರೂ ಒಕ್ಕಲು ಮನೆಯವನೇ ಇರಬೇಕು. ಹೌದಲ್ಲ ಎಂಬಂತೆ ತಲೆಯಾಡಿಸಿ, ಅಕ್ಕನ ಕೈ ಹಿಡಿದು ಮೇಲೆ ಹತ್ತಿಸಿಕೊಂಡ.

ಅಂದಿನ ಪರೀಕ್ಷೆ ಕನ್ನಡದ್ದು. ಸಂಜೆ ಅವಳನ್ನು ಕರೆತರಲು ಅದೇ ಜೋಡಿ ಅದೇ ಗಾಡಿ ಎಳೆದುಕೊಂಡು ಹೋಯಿತು, ಈ ಸಲ ಕೆಂಚಪ್ಪ ಕರೆಯದೆಯೇ ಬಂದ. ಮನೆಗೆ ಬಂದ ಅಕ್ಕ, ಅಂದು ತಡವಾಗಿ ಬೇಯಿಸಿದ ಹುರುಳಿಕಟ್ಟಿನ ಸಾರಿನಲ್ಲಿ ಮುದ್ದೆ ಮುಳುಗಿಸುತ್ತ ಹೇಳಿದಳು. ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ 'ನೀವು ನೋಡಿದ ವಸ್ತುಪ್ರದರ್ಶನ' ಎಂಬುದೂ ಒಂದಿತ್ತಂತೆ. ಜಗಳೂರು ದಾಟದ ಅಕ್ಕ ಒಸಾಕಾದ ಮೇಲೆ ಪುಟಗಟ್ಟಲೆ ಬರೆದಿದ್ದಳು. ಚಂದ್ರನ ಕಲ್ಲಿಗೆ ಸಾಲು ನಿಂತದ್ದು, ಗಡಿಗೆಯ ಬಾಯಿಗೆ ಮಣ್ಣು ಮೆತ್ತಿದ್ದು, ಮೂರು ಮುಖದ ದೇವರಿಗೆ ಕೈ ಮುಗಿದದ್ದು, ನಡೆಯುವ ದಾರಿಯಲ್ಲಿ ಸುಮ್ಮನೆ ನಿಂತು ಸಾಗಿದ್ದು.

"ಹೋಗದೇನೆ ಹೋಗೀನಿ ಅಂತ ಬರೆದ್ಯೇನೇ? ಪರೀಕ್ಷೇಲಿ ಸುಳ್ಳು ಬರೆಯಬಹುದೇನು?" ಎಂದು ಅಜ್ಜಿ ಗಾಬರಿಯಾದಳು.

"ಸುಳ್ಳೇನಜ್ಜಿ? ಇವತ್ತು ಕ್ರಾಸ್‌ತನಕ ನಡೆದಿದ್ದು ನಾನೇನು? ದಾರೀನೇ ನಡೀತು."

ಅಪ್ಪ ಉಣ್ಣುತ್ತಿದ್ದವನು ತಾಟಿನ ಕಡೆ ಮುಖ ಬಗ್ಗಿಸಿದ. ಅವನ ಭುಜ ಅಲುಗುತ್ತಿತ್ತು. ನಾವೆಲ್ಲ ಹೆದರಿದೆವು. ಆಮೇಲೆ ನೋಡಿದರೆ ನಗುತ್ತಿದ್ದ. ಹೆಗಲಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ ಅವ್ವ ಅವನ ತಲೆಗೊಂದು ಮೊಟಕಿದಳು. ಅವ್ವ ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಕ್ಕ ಪಾಸಾದಳು, ತರಬೇತಿ ಮುಗಿಸಿ ಟೀಚರಾದಳು. ಮೊದಲು ಚನ್ನಗಿರಿ ಕಡೆಯ ಹಳ್ಳಿ, ಆಮೇಲೆ ಹೊನ್ನಾಳಿ, ಕೊನೆಗೆ ನಾನು ಸೊಸೆಯಾಗಿ ಬಂದ ಈ ನ್ಯಾಮತಿ. ಅವಳು ಮದುವೆಯಾಗಲಿಲ್ಲ. ಆಗಲಿಲ್ಲವೆಂದು ಕೊರಗಿದ್ದನ್ನೂ ನಾನು ಕಾಣೆ. ಮೂರು ಗಾಲಿಯ ಸ್ಕೂಟರಿನಲ್ಲಿ ಶಾಲೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದಿಬ್ಬರು ಮಕ್ಕಳಿರುತ್ತಿದ್ದರು. ನಮ್ಮ ಮನೆಯಲ್ಲೇ ಅವಳ ಕೋಣೆ. ಸೋಮವಾರ ನಾವಿಬ್ಬರೂ ಹುರುಳಿ ಬೇಯಿಸುತ್ತಿದ್ದೆವು. ಎತ್ತುಗಳಿಲ್ಲದ ಮನೆಯಲ್ಲಿ ಕಾಳನ್ನೂ ನಾವೇ ತಿನ್ನಬೇಕಾಗಿ, ಬಸವಣ್ಣನ ಪಾಲು ತಿಂದು ದಪ್ಪಗಾದೆವು ಎಂದು ಅವಳು ನಗುತ್ತಿದ್ದಳು. ಊರಿನ ಮಾಳಿಗೆ ಮನೆ ಕೆಡವಿದಾಗ ಗೋಡೆಯ ಚಿತ್ರಗಳು ಮಣ್ಣಿನ ಜೊತೆಗೇ ಹೋದವು. ಅಜ್ಜಿ ಕಟ್ಟು ಹಾಕಿಸಿದ್ದ ಗೋಪುರ ಮಾತ್ರ ನಮ್ಮ ದೇವರ ಗೂಡಿಗೆ ಬಂತು.

ಹೋದ ವರ್ಷ ಮೊಮ್ಮಗಳು ಸಿಂಚನ ಫೋನಿನಲ್ಲಿ ಏನೋ ನೋಡುತ್ತಿದ್ದವಳು ಓಡಿ ಬಂದಳು.

"ದೊಡ್ಡಜ್ಜಿ, ನಿಮ್ಮ ದೇವರು ಸಿಕ್ಕಿದ. ಜಪಾನಲ್ಲಿ ಇನ್ನೂ ನಿಂತಿದಾನೆ. ಸುತ್ತ ಇದ್ದ ಆ ಪ್ರದರ್ಶನದ ಕಟ್ಟಡ ಎಲ್ಲ ಕೆಡವಿಬಿಟ್ಟಿದಾರೆ."

ಅಕ್ಕ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಬೆನ್ನಿನ ಕಡೆಯಿಂದ ತೆಗೆದ ಚಿತ್ರವೂ ಅದರಲ್ಲಿತ್ತು. ಕಪ್ಪು ಬಣ್ಣದ, ಶಾಂತವಾದ, ದುಂಡು ಮುಖ. ಅಜ್ಜಿ ಒಮ್ಮೆಯೂ ಕಾಣದೆ ವಿಭೂತಿ ಎಳೆದದ್ದು.

"ನೋಡು" ಎಂದಳು ನನಗೆ. "ನಮ್ಮಜ್ಜಿ ಕೈ ಮುಗಿದದ್ದೊಂದೇ ಉಳಿದೈತೆ."

ಈ ಮಳೆಗಾಲದ ಮೊದಲಲ್ಲಿ, ಒಂದು ಗುರುವಾರ, ಕಾಫಿ ಲೋಟ ಕೈಯಲ್ಲಿ ಹಿಡಿದಿದ್ದ ಹಾಗೆಯೇ ಅಕ್ಕ ಹೋದಳು. ನಮ್ಮಲ್ಲಿ ಹೋದವರನ್ನು ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಅವಳನ್ನು ಕೂರಿಸಿದರು. ನೆಲ ಕೆಸರಾಗಿದೆ, ಹೊಲ ದೂರ, ಎಂದು ನನ್ನ ಮಗ ಟ್ರಾಕ್ಟರ್ ತರಿಸಿದ್ದ. ಬೇಡ, ಕೈಯಲ್ಲಿ ಒಯ್ಯಿರಿ ಎಂದೆ.

"ಅಷ್ಟು ದೂರ ಯಾರು ಹೊರತಾರಮ್ಮ?"

"ಕೇಳಿ ನೋಡು" ಎಂದೆ.

ಕೇಳಬೇಕಾಗಲಿಲ್ಲ. ಅವಳ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಹೋದವರು ಎಷ್ಟೋ ಜನ ಅಂಗಳದಲ್ಲಿ ನಿಂತಿದ್ದರು. ಅವರ ತಲೆಗೂ ಈಗ ನರೆ ಬಂದಿದೆ. ಒಬ್ಬನು ಟವೆಲನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ. ಅದನ್ನು ಕಂಡ ಮೇಲೆ ನನಗೆ ಅಳು ನಿಂತಿತು. ನೀರಿನ ತಂಬಿಗೆಯನ್ನು ನಾನೇ ಹಿಡಿದೆ, ಚೆಲ್ಲದಂತೆ ನಿಧಾನವಾಗಿ ನಡೆದೆ. ದಾರಿ ತಿರುಗಿ, ಏರಿ, ಇಳಿಯಿತು. ಮುಂದೆ ಅಕ್ಕ ನೆಟ್ಟಗೆ ಕೂತು ಹೋಗುತ್ತಿದ್ದಳು. ಉದ್ದಕ್ಕೂ ನನಗೆ ಕಂಡದ್ದು ಅವಳ ಬೆನ್ನು ಮಾತ್ರ.